ಉಣ್ಣೆ ಯಾವ ಇಲಾಖೆಗೆ ಸೇರಿದ್ದು?

ಹಸುವಿನ ಕಿವಿಯೊಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ಕೆಚ್ಚಲಿನ ಸಂದಿನಲ್ಲಿ, ಬಾಲದ ಬುಡದಲ್ಲಿ ಹರಳು ಬೀಜದ ಹಾಗೆ ಉಬ್ಬಿ ಕೂತ ಉಣ್ಣೆಗಳು ಕೊಟ್ಟಿಗೆ ಇರುವ ಎಲ್ಲರಿಗೂ ಪರಿಚಿತ. ಬಿಡುವಾದಾಗ ಒಂದೊಂದಾಗಿ ಕಿತ್ತು ಸೀಮೆಎಣ್ಣೆ ಡಬ್ಬಿಗೆ ಹಾಕುವುದು, ಜಾಸ್ತಿಯಾದರೆ ಅಂಗಡಿಯಿಂದ ಸಣ್ಣ ಬಾಟಲಿ ತಂದು ನೀರಿಗೆ ಬೆರೆಸಿ ಮೈಗೆ ಹಚ್ಚುವುದು, ಒಂದೆರಡು ವಾರ ನೆಮ್ಮದಿ, ಮತ್ತೆ ಅದೇ ಕತೆ. ಔಷಧಿ ಕಲಬೆರಕೆ ಎಂದು ಅಂಗಡಿಯವನನ್ನು ಬೈಯುವುದೂ ಉಂಟು. ಕೆಲವೊಮ್ಮೆ ಆ ಬೈಗುಳ ನ್ಯಾಯವೇ ಇರಬಹುದು. ಆದರೆ ಬಹಳ ಸಲ ತಪ್ಪು ಬಾಟಲಿಯದ್ದಲ್ಲ, ನಮ್ಮ ಲೆಕ್ಕದ್ದು. ಹಸುವಿನ ಮೈಮೇಲೆ ಕಾಣುವುದು ಉಣ್ಣೆ ಸಂಸಾರದ ಚಿಕ್ಕ ಪಾಲು ಮಾತ್ರ. ಉಳಿದದ್ದೆಲ್ಲ ಗೋಡೆಯ ಬಿರುಕಿನಲ್ಲಿ, ಹುಲ್ಲಿನ ತುದಿಯಲ್ಲಿ, ತರಗೆಲೆಯ ಅಡಿಯಲ್ಲಿ ಇರುತ್ತದೆ. ಅಲ್ಲಿಗೆ ನಮ್ಮ ಬಾಟಲಿಯ ಹನಿ ಮುಟ್ಟುವುದೇ ಇಲ್ಲ.

ರಕ್ತ ಕುಡಿದು ತುಂಬಿದ ಹೆಣ್ಣು ಉಣ್ಣೆ ತಾನಾಗಿ ಕಳಚಿ ಕೆಳಗೆ ಬೀಳುತ್ತದೆ. ನೆರಳು, ತೇವ ಇರುವ ಜಾಗ ಹುಡುಕಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಮೊಟ್ಟೆಯಿಂದ ಬಂದ ಮರಿಗೆ ಆರು ಕಾಲು, ಒಂದು ಸಲ ಪೊರೆ ಬಿಟ್ಟ ಮೇಲೆ ಎಂಟು. ಅಂದರೆ ಇದು ಹೇನು, ಚಿಗಟ, ತಿಗಣೆಗಳ ಹಾಗೆ ಕೀಟವಲ್ಲ. ಜೇಡ, ಚೇಳುಗಳ ನೆಂಟ. ಹಾರಲಾರದು, ನೆಗೆಯಲಾರದು. ಹುಲ್ಲಿನ ಎಸಳಿನ ತುದಿಗೆ ಹತ್ತಿ ಮುಂಗಾಲು ಚಾಚಿ ಕಾಯುವುದಷ್ಟೇ ಅದಕ್ಕೆ ಗೊತ್ತಿರುವ ಬೇಟೆ. ಆ ಮುಂಗಾಲಿನಲ್ಲಿ ಒಂದು ಸೂಕ್ಷ್ಮ ಗುಳಿಯಿದೆ. ನಾವು ಬಿಡುವ ಉಸಿರು, ಮೈಯ ಬಿಸಿ, ಬೆವರಿನ ವಾಸನೆ ಎಲ್ಲವೂ ಅದರಿಂದಲೇ ತಿಳಿಯುತ್ತದೆ. ಊಟ ಸಿಗದಿದ್ದರೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಕಚ್ಚಿದಾಗ ಅದರ ಜೊಲ್ಲು ನೋವನ್ನು ಮರೆಸುತ್ತದೆ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ರೋಗಾಣುಗಳು ಒಳಗೆ ಇಳಿಯುವುದೂ ಆ ಜೊಲ್ಲಿನ ಜೊತೆಗೇ.

ನಮ್ಮ ದನಗಳ ಮೈಮೇಲಿನ ಉಣ್ಣೆಗಳು ಒಂದೇ ಜಾತಿಯವಲ್ಲ, ಅವುಗಳ ಬದುಕಿನ ಕ್ರಮವೂ ಒಂದೇ ಅಲ್ಲ. ರಿಪಿಸೆಫಾಲಸ್ ಮೈಕ್ರೊಪ್ಲಸ್ ಎಂಬುದು ಮರಿಯಾಗಿ ಒಂದು ಹಸುವನ್ನು ಹತ್ತಿತೆಂದರೆ ಅದೇ ಹಸುವಿನ ಮೇಲೆ ಎರಡು ಸಲ ಪೊರೆ ಬಿಟ್ಟು, ಬೆಳೆದು, ಸುಮಾರು ಮೂರು ವಾರದಲ್ಲಿ ಇಳಿಯುತ್ತದೆ. ಹೀಮಾಫೈಸಾಲಿಸ್ ಎಂಬ ಇನ್ನೊಂದು ಕುಲ ಹಾಗಲ್ಲ. ಪ್ರತಿ ಹಂತದಲ್ಲೂ ಒಂದು ಪ್ರಾಣಿಯನ್ನು ಹತ್ತಿ, ಇಳಿದು, ನೆಲದಲ್ಲಿ ಪೊರೆ ಬಿಟ್ಟು, ಮತ್ತೊಂದನ್ನು ಹುಡುಕುತ್ತದೆ. ಒಂದು ಜೀವಮಾನಕ್ಕೆ ಮೂರು ಮನೆ. ಈ ವ್ಯತ್ಯಾಸ ಪ್ರಾಣಿಶಾಸ್ತ್ರದ ಪುಸ್ತಕಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಮೊದಲನೆಯದನ್ನು ಹಸುವಿನ ಮೈಮೇಲೇ ಹಿಡಿಯಬಹುದು. ಎರಡನೆಯದು ಇಡೀ ಊರನ್ನು, ಕಾಡನ್ನು ಸುತ್ತಿಸುತ್ತದೆ.

ಮೊದಲನೆಯ ಬಗೆಯ, ಒಂದೇ ಹಸುವಿನ ಮೇಲೆ ಬೆಳೆಯುವ ಉಣ್ಣೆಗಳ ಚರಿತ್ರೆ ದೊಡ್ಡದು. ಅಮೆರಿಕದ ಟೆಕ್ಸಾಸ್‌ನಿಂದ ಉತ್ತರದ ಮಾರುಕಟ್ಟೆಗಳಿಗೆ ದನ ಹೊಡೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಟೆಕ್ಸಾಸ್ ದನಗಳು ಗಟ್ಟಿಮುಟ್ಟಾಗಿಯೇ ಇರುತ್ತಿದ್ದವು. ಅವು ಹಾದುಹೋದ ಹಾದಿಯ ಊರುಗಳ ದನಗಳು ಕೆಂಪು ಮೂತ್ರ ಹೊಯ್ದು ಸಾಯುತ್ತಿದ್ದವು. ಇದು ಉಣ್ಣೆಯ ಕೆಲಸ ಎಂದು ದನ ಕಾಯುವವರು ಹೇಳುತ್ತಲೇ ಬಂದಿದ್ದರು. ಪಂಡಿತರು ನಕ್ಕರು. 1893ರಲ್ಲಿ ಥಿಯೊಬಾಲ್ಡ್ ಸ್ಮಿತ್ ಮತ್ತು ಫ್ರೆಡ್ ಕಿಲ್ಬೋರ್ನ್ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದಾಗ ದನಗಾಹಿಗಳ ಮಾತೇ ನಿಜವಾಯಿತು. ರಕ್ತ ಹೀರುವ ಹುಳವೊಂದು ರೋಗ ಹರಡುತ್ತದೆ ಎಂದು ಪ್ರಯೋಗದಿಂದ ಸಾಬೀತಾದದ್ದು ಅದೇ ಮೊದಲು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕಂಡದ್ದು ಅದರ ನಂತರ, 1897ರಲ್ಲಿ. ಮನುಷ್ಯರ ವೈದ್ಯಶಾಸ್ತ್ರಕ್ಕೆ ದಾರಿ ತೋರಿದ್ದು ದನದ ಉಣ್ಣೆ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಯಾಕೋ ಹೇಳುವುದಿಲ್ಲ.

ಅಲ್ಲಿಂದಾಚೆ ಅಮೆರಿಕದವರು ಪಟ್ಟು ಹಿಡಿದರು. 1906ರಲ್ಲಿ ಆರಂಭವಾದ ಉಣ್ಣೆ ನಿರ್ಮೂಲನಾ ಆಂದೋಲನದಲ್ಲಿ ಊರೂರಿಗೆ ತೊಟ್ಟಿ ಕಟ್ಟಿಸಿ, ಶಂಖಪಾಷಾಣದ ನೀರು ತುಂಬಿಸಿ, ದನಗಳನ್ನು ಮತ್ತೆ ಮತ್ತೆ ಮುಳುಗಿಸಿ ತೆಗೆದರು. ಸರ್ಕಾರದ ಈ ಬಲವಂತಕ್ಕೆ ಸಿಟ್ಟಿಗೆದ್ದ ಕೆಲವರು ತೊಟ್ಟಿಗಳನ್ನೇ ಸಿಡಿಮದ್ದಿಟ್ಟು ಉಡಾಯಿಸಿದ್ದೂ ಇದೆ. 1943ರ ಹೊತ್ತಿಗೆ ಮೆಕ್ಸಿಕೊ ಗಡಿಯ ಒಂದು ಪಟ್ಟಿ ಬಿಟ್ಟು ಉಳಿದ ದೇಶ ಈ ಬಗೆಯ ಉಣ್ಣೆಗಳಿಂದ ಮುಕ್ತವಾಯಿತು. ಆ ಪಟ್ಟಿಯಲ್ಲಿ ಇವತ್ತಿಗೂ ಕಾವಲಿದೆ. ಯಾಕೆಂದರೆ ಅಲ್ಲಿನ ಜಿಂಕೆಗಳ ಜೊತೆಗೆ, ಹಿಂದೊಮ್ಮೆ ಬೇಟೆಯ ಶೋಕಿಗೆಂದು ಟೆಕ್ಸಾಸ್‌ನಲ್ಲಿ ಬಿಟ್ಟ ನಮ್ಮ ನೀಲಗಾಯ್‌ಗಳೂ ಸಂತಾನ ಬೆಳೆಸಿಕೊಂಡು ಉಣ್ಣೆ ಹೊತ್ತು ತಿರುಗುತ್ತಿವೆ. ಮೈಕ್ರೊಪ್ಲಸ್ ಉಣ್ಣೆಯ ಮೂಲವೂ ನಮ್ಮ ಕಡೆಯದೇ ಎಂದು ವಿಜ್ಞಾನಿಗಳು ಹೇಳುತ್ತಾರೆ. ದನಗಳ ಜೊತೆ ಹಡಗು ಹತ್ತಿ ಅದು ಆಸ್ಟ್ರೇಲಿಯಾ, ಆಫ್ರಿಕಾ, ದಕ್ಷಿಣ ಅಮೆರಿಕ ಸೇರಿತು. ಇಲ್ಲಿಯ ಉಣ್ಣೆ, ಇಲ್ಲಿಯ ನೀಲಗಾಯ್ ಎರಡೂ ಟೆಕ್ಸಾಸಿನಲ್ಲಿ ಭೇಟಿಯಾದವು!

ನಮ್ಮಲ್ಲಿ ಅಂಥ ನಿರ್ಮೂಲನ ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ. ಉಣ್ಣೆ ಹುಟ್ಟಿದ ನೆಲದಲ್ಲೇ ಅದನ್ನು ತಾಳಿಕೊಳ್ಳುವ ದನವೂ ಹುಟ್ಟಿದೆ. ಭುಜದ ಇಣಿ ಇರುವ ನಮ್ಮ ನಾಡ ತಳಿಗಳ ಚರ್ಮ ಉಣ್ಣೆಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನಯವಾದ ಗಿಡ್ಡ ಕೂದಲು, ಚರ್ಮವನ್ನು ಅಲುಗಿಸಿ ಕೊಡವುವ ಶಕ್ತಿ, ನೆಕ್ಕಿ ಶುಚಿ ಮಾಡಿಕೊಳ್ಳುವ ಅಭ್ಯಾಸ, ರಕ್ತದೊಳಗಿನ ಪ್ರತಿರೋಧ ಎಲ್ಲ ಸೇರಿ ಹತ್ತಿದ ಮರಿಗಳಲ್ಲಿ ಬಹುಪಾಲು ಬೆಳೆಯದೆ ಉದುರುತ್ತವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ರೈತರು ತಮ್ಮ ಯುರೋಪಿನ ದನಗಳು ಉಣ್ಣೆಗೆ ಸೋತಾಗ ಭಾರತ ಮೂಲದ ಬ್ರಾಹ್ಮನ್ ಹೋರಿಗಳನ್ನು ತರಿಸಿ ಮಿಶ್ರತಳಿ ಮಾಡಿಕೊಂಡರು. ನಾವು ತದ್ವಿರುದ್ಧ ದಿಕ್ಕಿಗೆ ನಡೆದೆವು. ಹಾಲಿನ ಆಸೆಗೆ ಎಚ್‌ಎಫ್, ಜರ್ಸಿ ತಂದೆವು. ಆಸೆ ತಪ್ಪಲ್ಲ, ಡೇರಿಗೆ ಹಾಲು ಹಾಕಿ ಮನೆ ನಡೆಸುವವರಿಗೆ ಮಲೆನಾಡು ಗಿಡ್ಡ ಸಾಕಿ ಎಂದು ಉಪದೇಶ ಮಾಡುವುದು ಪೇಟೆಯಲ್ಲಿ ಕೂತು ಬರೆಯುವವರಿಗೆ ಸುಲಭ. ಆದರೆ ಜಾಸ್ತಿ ಹಾಲಿನ ಜೊತೆ ಉಣ್ಣೆಯಿಂದ ಹರಡುವ ಥೈಲೇರಿಯಾಸಿಸ್, ಬೆಬೀಸಿಯಾಸಿಸ್‌ಗಳೂ ಕೊಟ್ಟಿಗೆಗೆ ಬರುತ್ತವೆಂದು ಯಾರೂ ಮೊದಲೇ ಹೇಳಿರಲಿಲ್ಲ. ಲಿಂಫ್ ಗಂಟು ಊದಿ, ಜ್ವರ ಏರಿ, ಕಣ್ಣಿನ ಒಳಪೊರೆ ಬಿಳಚಿ ಮಲಗಿದ ಎಚ್‌ಎಫ್ ಹಸುವಿಗೆ ಕೊಡುವ ಬುಪಾರ್ವಕ್ವೋನ್ ಚುಚ್ಚುಮದ್ದು ಅಗ್ಗದ್ದಲ್ಲ. ಪಶುವೈದ್ಯರು ಬರುವುದು ಎರಡು ದಿನ ತಡವಾದರೆ ಅದೂ ಕೈಕೊಡಬಹುದು.

ಹಾಗಾಗಿ ಬಾಟಲಿ ಬಂತು. ಶಂಖಪಾಷಾಣಕ್ಕೆ ಉಣ್ಣೆ ಒಗ್ಗಿಕೊಂಡಾಗ ಡಿಡಿಟಿ ಬಂತು, ಆಮೇಲೆ ಆರ್ಗನೊಫಾಸ್ಫೇಟ್, ಆಮೇಲೆ ಅಮಿಟ್ರಾಜ್, ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್. ಪ್ರತಿಯೊಂದೂ ಕೆಲವು ವರ್ಷ ಗೆದ್ದಿತು, ಆಮೇಲೆ ಸೋತಿತು. ಕೊನೆಯ ಎರಡಕ್ಕೂ ಬಗ್ಗದ ಉಣ್ಣೆಗಳು ಭಾರತದ ಹಲವು ರಾಜ್ಯಗಳಲ್ಲಿವೆ ಎಂದು ಪಶುವೈದ್ಯ ಸಂಶೋಧಕರು ದಾಖಲಿಸಿದ್ದಾರೆ. ಇದರಲ್ಲಿ ನಮ್ಮ ಪಾಲೂ ಇದೆ. ಬಾಟಲಿ ಉಳಿಸಲೆಂದು ನೀರು ಜಾಸ್ತಿ ಬೆರೆಸುತ್ತೇವೆ. ಬೆನ್ನಿಗಷ್ಟೇ ಹಚ್ಚಿ ಕಿವಿ, ತೊಡೆಸಂದು, ಬಾಲದ ಬುಡ ಬಿಡುತ್ತೇವೆ. ಅರೆಬರೆ ವಿಷ ಕುಡಿದು ಬದುಕಿದ ಉಣ್ಣೆಯ ಮಕ್ಕಳೇ ಮುಂದಿನ ವರ್ಷದ ಕೊಟ್ಟಿಗೆಯ ಯಜಮಾನರು. ಒಂದೇ ಔಷಧಿಯನ್ನು ವರ್ಷಾನುಗಟ್ಟಲೆ ಬಳಸುವುದೂ ಅದೇ ಫಲ ಕೊಡುತ್ತದೆ. ಐವರ್‌ಮೆಕ್ಟಿನ್ ಚುಚ್ಚಿಸಿದರೆ ಸುಲಭವಲ್ಲವೇ ಎಂದು ಕೇಳುವವರಿದ್ದಾರೆ. ಹಾಲು ಕರೆಯುವ ಹಸುವಿಗೆ ಅದನ್ನು ಕೊಟ್ಟರೆ ಔಷಧದ ಅಂಶ ದಿನಗಟ್ಟಲೆ ಹಾಲಿನಲ್ಲಿ ಇಳಿಯುತ್ತದೆ. ಆ ಹಾಲು ಮನೆಯ ಮಗುವಿನ ಲೋಟಕ್ಕೂ ಹೋಗುತ್ತದೆ.

ಆಸ್ಟ್ರೇಲಿಯಾ ಮತ್ತು ಕ್ಯೂಬಾದ ವಿಜ್ಞಾನಿಗಳು 1990ರ ದಶಕದಲ್ಲಿ ಜಾಣತನದ ಇನ್ನೊಂದು ದಾರಿ ಹಿಡಿದರು. ಉಣ್ಣೆಯ ಕರುಳಿನ ಒಂದು ಪ್ರೋಟೀನನ್ನು ಹಸುವಿಗೆ ಲಸಿಕೆಯಾಗಿ ಕೊಟ್ಟರೆ ಹಸುವಿನ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯ ಹುಟ್ಟುತ್ತದೆ. ಆ ರಕ್ತ ಕುಡಿದ ಉಣ್ಣೆಯ ಕರುಳೇ ಕೆಡುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ. ಕ್ಯೂಬಾದಲ್ಲಿ ಫಲ ಕಂಡಿತು, ಬೇರೆ ಕಡೆ ಫಲ ಒಂದೇ ತೆರನಾಗಿರಲಿಲ್ಲ.

ಅಂಥ ಲಸಿಕೆ ನಮ್ಮ ಕೈಗೆ ಸಿಗುವವರೆಗೆ ಕೊಟ್ಟಿಗೆಯ ನೆಲಕ್ಕೇ ಬರಬೇಕು. ಗೋಡೆಯ ಬಿರುಕು ಮುಚ್ಚಿ ಸುಣ್ಣ ಬಳಿಯುವುದು, ಗೊಬ್ಬರವನ್ನು ಕೊಟ್ಟಿಗೆಗೆ ತಾಗಿಸದೆ ದೂರ ಗುಡ್ಡೆ ಹಾಕುವುದು, ಹಸುವಿಗೆ ಔಷಧಿ ಹಚ್ಚಿದ ದಿನವೇ ನೆಲ, ಗೋಡೆ, ಗೋದಲೆಯ ಹೊರಮೈಗೂ ಸಿಂಪಡಿಸುವುದು, ಹೊಸದಾಗಿ ಕೊಂಡು ತಂದ ದನವನ್ನು ಕೆಲವು ದಿನ ಬೇರೆ ಕಟ್ಟುವುದು. ಕೊಟ್ಟಿಗೆಯಲ್ಲಿ ಓಡಾಡುವ ನಾಟಿ ಕೋಳಿ ಉಣ್ಣೆ ಹೆಕ್ಕುತ್ತದೆ ಎಂಬುದು ಅಜ್ಜಿಕತೆಯಲ್ಲ. ಆಫ್ರಿಕಾದಲ್ಲಿ ಕೋಳಿಯ ಹೊಟ್ಟೆ ಕೊಯ್ದು ಎಣಿಸಿದ್ದಾರೆ. ಲಕ್ಕಿ ಸೊಪ್ಪಿನ ಹೊಗೆ, ಬೇವಿನೆಣ್ಣೆ, ಹೊಂಗೆ ಎಣ್ಣೆ ಸೊಳ್ಳೆ ನೊಣಗಳನ್ನು ದೂರ ಇಡುತ್ತವೆ, ಉಣ್ಣೆಯನ್ನೂ ಸ್ವಲ್ಪ ತಡೆಯುತ್ತವೆ. ಆದರೆ ಮೈತುಂಬ ಉಣ್ಣೆ ಹತ್ತಿ ಜ್ವರದಲ್ಲಿರುವ ಹಸುವಿಗೆ ಹೊಗೆ ಹಾಕುತ್ತ ಕೂರುವುದು ದೇಸಿ ಜ್ಞಾನವಲ್ಲ, ಹಟ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ನಾಯಿ ಸಾಕುವವರಿಗೂ ನೆಲದ ಪಾಠ ಅನ್ವಯಿಸುತ್ತದೆ. ನಾಯಿಯ ಕಂದು ಉಣ್ಣೆ ಮನೆಯೊಳಗೇ ಇಡೀ ಜೀವನ ಕಳೆಯಬಲ್ಲದು. ಪರದೆಯ ಮಡಿಕೆ, ಸೋಫಾದ ಅಡಿ, ಬಾಗಿಲ ಚೌಕಟ್ಟಿನ ಸಂದು ಅದರ ತವರು. ತಿಂಗಳ ಮಾತ್ರೆ ನಾಯಿಗೆ ಕೊಟ್ಟು ಮನೆ ಗುಡಿಸದಿದ್ದರೆ ಪ್ರಯೋಜನ ಅರ್ಧ. ನಾಯಿಗೆ ಹಾಕುವ ಪರ್‌ಮೆಥ್ರಿನ್ ಹನಿಯನ್ನು ಬೆಕ್ಕಿಗೆ ಮಾತ್ರ ಹಾಕಬೇಡಿ, ಬೆಕ್ಕು ಸಾಯಬಹುದು.

ಇನ್ನು ಮೂರು ಮನೆಯ ಉಣ್ಣೆಯ ಕತೆ. 1957ರ ಮೊದಲ ತಿಂಗಳುಗಳಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಊರುಗಳಲ್ಲಿ ಜನಕ್ಕೆ ಮೈಕೈ ಮುರಿಯುವ ಜ್ವರ, ಕಣ್ಣು ಕೆಂಪು, ಮೂಗು ವಸಡಿನಲ್ಲಿ ರಕ್ತ. ಮಂಗ ಸಾಯುವ ಜ್ವರ ಎಂದಾಗ ವೈದ್ಯಲೋಕಕ್ಕೆ ಮೊದಲು ನೆನಪಾದದ್ದು ಹಳದಿ ಜ್ವರ. ಆಫ್ರಿಕಾ, ದಕ್ಷಿಣ ಅಮೆರಿಕದ ಆ ರೋಗ ಏಷ್ಯಾಕ್ಕೆ ಕಾಲಿಟ್ಟರೆ ಗತಿಯೇನು ಎಂಬ ಭಯ ದಿಲ್ಲಿಯವರೆಗೂ ಮುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫರ್ಡ್ ವರ್ಕ್ ಮತ್ತು ಅವರ ತಂಡ ಬಂತು. ಸಿಕ್ಕಿದ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಮಿದುಳು ಜ್ವರದ ವೈರಸ್‌ಗೆ ಅದು ಹತ್ತಿರದ ಬಂಧು. ಜನರ ಬಾಯಲ್ಲಿ ರೋಗಕ್ಕೆ ಮಂಗನ ಕಾಯಿಲೆ ಎಂದು ಹೆಸರಾಯಿತು.

ರಷ್ಯಾದ ಬಂಧು ಸೊರಬಕ್ಕೆ ಹೇಗೆ ಬಂದ? ಚಳಿಗಾಲಕ್ಕೆ ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳ ಮೇಲೆ ಗುಮಾನಿ ಬಿತ್ತು. ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆ ಶುರು ಮಾಡಿದರು. ಹಕ್ಕಿಗಳ ಮೈಮೇಲೆ ಉಣ್ಣೆಗಳು ಸಿಕ್ಕವು, ಆದರೆ ಅವು ಸೈಬೀರಿಯಾದಿಂದ ಈ ರೋಗ ಹೊತ್ತು ತಂದದ್ದು ರುಜುವಾತಾಗಲಿಲ್ಲ. ಭಾರತದ ವಲಸೆ ಹಕ್ಕಿಗಳ ಬಗ್ಗೆ ನಮಗಿರುವ ತಿಳಿವಳಿಕೆಯ ಒಂದು ದೊಡ್ಡ ಭಾಗಕ್ಕೆ ಹೀಗೆ ಮಲೆನಾಡಿನ ಒಂದು ಉಣ್ಣೆ ಕಾರಣವಾಯಿತು.

ಹೆಚ್ಚು ತೂಕದ ಉತ್ತರ ಕೊಟ್ಟವರು ಹೋರ್ಹೆ ಬೊಶೆಲ್ ಎಂಬ ಕೊಲಂಬಿಯಾದ ವೈದ್ಯ. ತಮ್ಮ ದೇಶದ ಕಾಡುಗಳಲ್ಲಿ ಹಳದಿ ಜ್ವರದ ಬೆನ್ನುಹತ್ತಿದ್ದವರು ಇಲ್ಲಿಗೆ ಬಂದು ದನಗಳ ಕಾಲ್ದಾರಿ ನೋಡಿದರು. 1969ರಲ್ಲಿ ಅವರು ಬರೆದದ್ದರ ಸಾರ ಇಷ್ಟು: ವೈರಸ್ ಕಾಡಿನ ಇಲಿ, ಮೂಗಿಲಿಗಳ ನಡುವೆ ಸದ್ದಿಲ್ಲದೆ ಇದ್ದಿರಬೇಕು. ಜನ ಹೆಚ್ಚಿದರು, ಕಾಡಿನ ಅಂಚು ಗದ್ದೆಯಾಯಿತು, ದನಗಳು ಕಾಡಿಗೆ ಮೇಯಲು ಹೋದವು. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣೆಯ ಬೆಳೆದ ಹಂತಕ್ಕೆ ದೊಡ್ಡ ಪ್ರಾಣಿಯ ರಕ್ತ ಬೇಕು. ಹಿಂದೆ ಕಡವೆ, ಕಾಟಿ ಅಲ್ಲೊಂದು ಇಲ್ಲೊಂದು ಸಿಗುತ್ತಿದ್ದ ಜಾಗಕ್ಕೆ ನಾವೇ ದಿನಾ ದನ ಕಳಿಸಿ ಊಟ ಬಡಿಸಿದೆವು. ಉಣ್ಣೆಯ ಸಂಖ್ಯೆ ಉಕ್ಕಿತು.

ದನಕ್ಕೆ ಈ ವೈರಸ್‌ನಿಂದ ಏನೂ ಆಗುವುದಿಲ್ಲ. ಅದು ಉಣ್ಣೆಗೆ ಅನ್ನ ಹಾಕುತ್ತದೆ, ಅಷ್ಟೇ. ಮಳೆಗಾಲದಲ್ಲಿ ಬೆಳೆದ ಉಣ್ಣೆ ದನದ ಮೈಮೇಲೆ ಕುಡಿದು, ಕಾಡಿನ ನೆಲಕ್ಕೆ ಬಿದ್ದು ಮೊಟ್ಟೆಯಿಡುತ್ತದೆ. ಮಳೆ ಹಿಂದಾದ ಮೇಲೆ ಬಂದ ಮರಿಗಳು ಇಲಿ, ಹಕ್ಕಿ, ಮಂಗಗಳನ್ನು ಹತ್ತುತ್ತವೆ; ವೈರಸ್ ಅಂಟುವುದು ಆಗ. ಡಿಸೆಂಬರ್ ಹೊತ್ತಿಗೆ ಅವು ಎರಡನೇ ಹಂತಕ್ಕೆ ಬರುತ್ತವೆ. ಆಗ ಅವುಗಳ ಗಾತ್ರ ರಾಗಿ ಕಾಳಿನಷ್ಟೂ ಇಲ್ಲ. ಮೇ ತಿಂಗಳವರೆಗೆ ಮನುಷ್ಯನನ್ನು ಕಚ್ಚುವುದು ಈ ಕಣ್ಣಿಗೆ ಸುಲಭಕ್ಕೆ ಕಾಣದ ಉಣ್ಣೆ. ಮಲೆನಾಡಿನವರು ತೋಟಕ್ಕೆ, ಕೊಟ್ಟಿಗೆಗೆ ದರಕು (ತರಗೆಲೆ) ಗುಡಿಸಿ ತರುವುದು, ಸೌದೆ ಒಟ್ಟುವುದು, ಗೇರುಬೀಜ ಹೆಕ್ಕುವುದು ಆ ತಿಂಗಳುಗಳಲ್ಲೇ. ಜುಲೈಯಲ್ಲಿ ಹಸುವಿನ ಮೇಲೆ ಬರೆದ ಸಾಲ ಜನವರಿಯಲ್ಲಿ ಹಸುವಿನ ಒಡೆಯನ ಮೈಮೇಲೆ ವಸೂಲಾಗುತ್ತದೆ.

ಮಂಗ ಈ ಕತೆಯ ಖಳನಲ್ಲ. ರೋಗ ತಗುಲಿದ ಮುಸುವ, ಕೋಡಗಗಳು ಬೇಗ ಸಾಯುತ್ತವೆ. ಸತ್ತ ಮೈ ತಣ್ಣಗಾದಂತೆ ಅದರ ಮೇಲಿನ ಉಣ್ಣೆಗಳು ಕಳಚಿ ಅಲ್ಲೇ ಚೆಲ್ಲಾಡುತ್ತವೆ. ಹಾಗಾಗಿ ಮಂಗ ಸತ್ತ ಜಾಗದ ಸುತ್ತ ಸುಮಾರು 50 ಅಡಿ ಮೆಲಾಥಿಯಾನ್ ಪುಡಿ ಎರಚಿ, ದೇಹ ಸುಡುವ ಪದ್ಧತಿ ಬಂತು. 2012ರ ಕೊನೆಗೆ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ವಿಲೇವಾರಿ ಮಾಡಿದ ಸಿಬ್ಬಂದಿಗೇ ರೋಗ ತಗುಲಿದ್ದು ಇದೇ ಕಾರಣಕ್ಕೆ.

ಕಾಡಿನ ಅಂಚು ಸರಿದ ಕಡೆಯೆಲ್ಲ ರೋಗವೂ ಸರಿಯಿತು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕೆಂದು ಕಾಡು ಬೋಳಿಸಿದ ಬೆನ್ನಿಗೇ ದೊಡ್ಡದಾಗಿ ಸ್ಫೋಟಿಸಿತು. 2012ರ ಬಳಿಕ ನೀಲಗಿರಿ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಹೋಯಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಂಡದ್ದನ್ನು ಆ ಸೀಮೆಯವರು ಮರೆತಿಲ್ಲ. ರೋಗ ತಗುಲಿದ ನೂರು ಜನರಲ್ಲಿ ಮೂರರಿಂದ ಐವರು ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರೆ ಬಹುತೇಕರು ಬದುಕುತ್ತಾರೆ.

1990ರಿಂದ ಕೊಡುತ್ತಿದ್ದ ಲಸಿಕೆ ನೋವಿನ ಚುಚ್ಚುಮದ್ದು. ತಿಂಗಳ ಅಂತರದಲ್ಲಿ ಎರಡು, ಆಮೇಲೆ ವರ್ಷ ವರ್ಷ ಬೂಸ್ಟರ್. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ತೋಳು ಊದಿಸಿಕೊಂಡು ಕೂರಲು ಜನ ಒಪ್ಪಲಿಲ್ಲ. ಅದರ ಶಕ್ತಿಯೂ ಸಾಲದೆಂದು ಕಂಡು 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸ ನಡೆದಿದೆ. ಸದ್ಯ ಕೈಯಲ್ಲಿರುವುದು ರಕ್ಷಣಾ ಸಂಶೋಧನಾ ಸಂಸ್ಥೆ ರೂಪಿಸಿದ ಡೆಪಾ ತೈಲ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಂಡರೆ ಕೆಲವು ಗಂಟೆ ಉಣ್ಣೆ ಹತ್ತದು.

ಈಗ ತಲೆಬರಹದ ಪ್ರಶ್ನೆಗೆ ಬರೋಣ. ಜನಕ್ಕೆ ಜ್ವರ ಬಂದರೆ ಆರೋಗ್ಯ ಇಲಾಖೆ. ಮಂಗ ಸತ್ತರೆ ಅರಣ್ಯ ಇಲಾಖೆ, ಶವಪರೀಕ್ಷೆಗೆ ಪಶುವೈದ್ಯರು. ದನದ ಮೈಮೇಲಿನ ಉಣ್ಣೆ ಪಶುಸಂಗೋಪನಾ ಇಲಾಖೆಯದು. ಡಿಸೆಂಬರ್ ಬಂದೊಡನೆ ಇವರೆಲ್ಲ ಜಿಲ್ಲಾಧಿಕಾರಿಗಳ ಸಭೆಯಲ್ಲಿ ಒಟ್ಟಾಗುತ್ತಾರೆ, ತೈಲ ಹಂಚುತ್ತಾರೆ, ಕರಪತ್ರ ಅಂಟಿಸುತ್ತಾರೆ. ಅದು ಬೇಕಾದ ಕೆಲಸವೇ. ಆದರೆ ಆ ವರ್ಷದ ಉಣ್ಣೆ ಹುಟ್ಟಿ ಆಗಿರುತ್ತದೆ. ಸಭೆ ಆಗಬೇಕಾದ್ದು ಜೂನ್‌ನಲ್ಲಿ, ಬೆಳೆದ ಉಣ್ಣೆ ದನವನ್ನು ಹತ್ತುವ ಕಾಲಕ್ಕೆ. ರೋಗ ಕಂಡ ಪಂಚಾಯಿತಿಗಳಲ್ಲಿ ಕಾಡಿಗೆ ಹೋಗುವ ಪ್ರತಿ ದನಕ್ಕೂ ಮಳೆಗಾಲದುದ್ದಕ್ಕೂ ಪಶುವೈದ್ಯರ ಉಸ್ತುವಾರಿಯಲ್ಲಿ ಸರ್ಕಾರದ ಖರ್ಚಿನಲ್ಲಿ ಉಣ್ಣೆ ಚಿಕಿತ್ಸೆ ಆಗಬೇಕು. ಹಚ್ಚಿದ ಔಷಧಿಯನ್ನು ಮಲೆನಾಡಿನ ಮಳೆ ತೊಳೆದುಬಿಡುತ್ತದೆ, ಕಾಟಿ ಕಡವೆಗಳಿಗೆ ಹಚ್ಚುವವರು ಯಾರು ಎಂಬ ಆಕ್ಷೇಪಗಳು ಸರಿಯೇ. ಪೂರ್ತಿ ಗೆಲ್ಲಲಾಗದು. ಆದರೆ ಉಣ್ಣೆ ಹೆಚ್ಚಾದದ್ದು ದನದಿಂದ ಎಂದು ಬೊಶೆಲ್ ಬರೆದು ಅರ್ಧ ಶತಮಾನ ದಾಟಿದ ಮೇಲೂ ನಾವು ಚಳಿಗಾಲದ ಮನುಷ್ಯನಿಗೇ ಎಣ್ಣೆ ಹಚ್ಚುತ್ತ ಕೂತಿರುವುದು ಅರೆ ಕೆಲಸ. ಪಶುವೈದ್ಯ ಆಸ್ಪತ್ರೆಗಳ ಖಾಲಿ ಹುದ್ದೆ ತುಂಬುವುದು ಜನರ ಆರೋಗ್ಯದ ಖರ್ಚು ಎಂದು ಹಣಕಾಸು ಇಲಾಖೆ ಒಪ್ಪಿದ ದಿನ ಮಂಗನ ಕಾಯಿಲೆಗೆ ಅರ್ಧ ಔಷಧಿ ಸಿಕ್ಕ ಹಾಗೆ.

ಕಾಡಿಗೆ ಹೋಗಿ ಬಂದವರ ಜ್ವರವೆಲ್ಲ ಮಂಗನ ಕಾಯಿಲೆಯೂ ಅಲ್ಲ. ಪೊದೆಗಳಲ್ಲಿರುವ ನುಸಿಯ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಕೂಡ ಕರ್ನಾಟಕದಲ್ಲಿದೆ. ಅದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಬಹಳ ಸಲ ಸಾಕು. ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಜಾಗದಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಇದೆಯೇ ಎಂದು ಯಾರಾದರೂ ಬಟ್ಟೆ ಸರಿಸಿ ನೋಡಬೇಕು, ಅಷ್ಟೇ.

ದರಕಿಗೆ, ಸೌದೆಗೆ ಹೋಗುವವರು ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ, ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಸ್ನಾನ ಮಾಡಿ. ಮೈಗೆ ಉಣ್ಣೆ ಕಚ್ಚಿಕೊಂಡಿದ್ದರೆ ಬೀಡಿ ತಾಗಿಸಬೇಡಿ, ಸುಣ್ಣ, ಸೀಮೆಎಣ್ಣೆ ಸುರಿಯಬೇಡಿ, ಉಗುರಿನಲ್ಲಿ ಹಿಸುಕಬೇಡಿ. ಸಣ್ಣ ಚಿಮುಟದಿಂದ ಚರ್ಮಕ್ಕೆ ತಾಗಿದ ಜಾಗದಲ್ಲೇ ಹಿಡಿದು ನೇರ ಮೇಲಕ್ಕೆ ಎಳೆದು ತೆಗೆಯಿರಿ, ಆ ಜಾಗವನ್ನು ಸೋಪಿನಿಂದ ತೊಳೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪಂಚಾಯಿತಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಜ್ವರ ಬಂದರೆ, ವೈದ್ಯರು ಕೇಳದಿದ್ದರೂ, ಕಾಡಿಗೆ ಹೋಗಿದ್ದೆ ಎಂಬುದನ್ನು ಮೊದಲು ಹೇಳಿ.